ಹಸಿ ಅಕ್ಕಿ, ಹುಣಸೆಕಾಯಿ, ಆಮ್ಲೆಟ್ ವಾಸನೆ: ಸಸ್ಯಾಹಾರಿ ಬಸುರಿಯ ಬಯಕೆಯನ್ನು ಎಷ್ಟು ನಂಬಬೇಕು?

ನಮ್ಮದು ಗಂಗಾವತಿ. ಸೋನಾ ಮಸೂರಿ ಊರು. ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ ಯಾವಾಗಲೂ ನಾಲ್ಕೈದು ಚೀಲ ಅಕ್ಕಿ ನಿಂತೇ ಇರುತ್ತವೆ. ನನಗೆ ನಾಲ್ಕು ತಿಂಗಳು ತುಂಬಿದಾಗ ಆ ಕೋಣೆ ಕಡೆ ಕಾಲು ತಾನಾಗಿ ಹೋಗತೊಡಗಿತು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡರೆ ಏನೋ ಸಮಾಧಾನ. ಒಂದು ಹಿಡಿ ಎರಡಾಯಿತು, ಎರಡು ನಾಲ್ಕಾಯಿತು, ಕೊನೆಗೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಓಡಾಡುವ ಮಟ್ಟಕ್ಕೆ ಬಂತು. "ಏನ್ ಮುಕ್ಕಾಕತ್ತಿ ಅಲ್ಲಿ ಕತ್ತಲ್ದಾಗ?" ಅಂತ ಅತ್ತೆ ಒಂದು ದಿನ ಹಿಡಿದೇಬಿಟ್ಟರು. ನೋಡಿ ನಕ್ಕರು. "ಬಯಕಿ ಅಲ್ಲೇನು, ತಿನ್ನು. ತಿನ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ."

ಅದೇ ಹೊತ್ತಿಗೆ ನನಗೆ ಇನ್ನೊಂದು ಆಸೆಯೂ ಶುರುವಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ನಿಲ್ಲುವ ಗಾಡಿಯಿಂದ ಬರುವ ಆಮ್ಲೆಟ್ ವಾಸನೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ, ನಮ್ಮ ಮನೆಯಲ್ಲಿ ಮೊಟ್ಟೆ ಅನ್ನುವ ಪದವನ್ನೇ ಮೆಲ್ಲಗೆ ಹೇಳುತ್ತಾರೆ. ಆದರೂ ಹಸಿಮೆಣಸಿನಕಾಯಿ, ಈರುಳ್ಳಿ ಜೊತೆ ಅದು ಕಾವಲಿ ಮೇಲೆ ಚುರ್ ಅನ್ನುವಾಗ ಬಾಯಲ್ಲಿ ನೀರು. ಇದನ್ನು ಬಾಯಿ ತಪ್ಪಿ ಹೇಳಿದ ದಿನ ಮನೆಯಲ್ಲಿ ಯಾರೂ ನಗಲಿಲ್ಲ. ಅತ್ತೆ ದೇವರಮನೆ ಕಡೆ ನೋಡಿದರು, ಅಷ್ಟೇ.

ತಮಾಷೆ ಏನು ಗೊತ್ತಾ? ಆ ತಿಂಗಳ ತಪಾಸಣೆಯಲ್ಲಿ ಎರಡನ್ನೂ ಹೇಳಿಕೊಂಡೆ. ಮನೆಯವರು ನಕ್ಕಿದ್ದಕ್ಕೆ ಡಾಕ್ಟರ್ ಗಾಬರಿಯಾದರು, ಮನೆಯವರು ಗಾಬರಿಯಾದದ್ದಕ್ಕೆ ಡಾಕ್ಟರ್ ನಕ್ಕರು. ಹಸಿ ಅಕ್ಕಿ ಅಂದ ತಕ್ಷಣ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.4. ಬಸುರಿಯಲ್ಲಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ಅನ್ನುತ್ತಾರೆ. ನಾನು ಮಧ್ಯದಲ್ಲಿ ತೂಗಾಡುತ್ತಿದ್ದೆ.

ಇಷ್ಟು ಹೇಳಿದ್ದು ಯಾಕೆಂದರೆ, ಬಯಕೆ ಬಗ್ಗೆ ನಾವೆಲ್ಲ ಒಂದೇ ಮಾತು ನಂಬಿಕೊಂಡಿದ್ದೇವೆ: ದೇಹಕ್ಕೆ ಏನು ಬೇಕೋ ಅದನ್ನೇ ನಾಲಿಗೆ ಕೇಳುತ್ತದೆ. ಈ ಮಾತು ಕೆಲವು ಕಡೆ ನಿಜ, ಬಹಳ ಕಡೆ ಸುಳ್ಳು. ಸಸ್ಯಾಹಾರಿಗಳಿಗೆ, ಅದರಲ್ಲೂ ಹಾಲು-ಮೊಸರು-ತುಪ್ಪ ಕೂಡ ಬಿಟ್ಟ ವೀಗನ್ ಹೆಣ್ಣುಮಕ್ಕಳಿಗೆ, ಈ ವ್ಯತ್ಯಾಸ ಗೊತ್ತಿರಲೇಬೇಕು.

ಮೊದಲು, ಈ ಬಯಕೆ ಬರುವುದು ಎಲ್ಲಿಂದ

ನಮ್ಮ ಹಿರಿಯರು ಇದನ್ನು ಸುಮ್ನೆ ಚಪಲ ಅಂತ ತಳ್ಳಿಹಾಕಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ನಾಲ್ಕನೇ ತಿಂಗಳಿಗೆ ಮಗುವಿನ ಹೃದಯ ಮೂಡುತ್ತದೆ, ಆಗ ತಾಯಿಗೆ ಎರಡು ಹೃದಯ, ಹಾಗಾಗಿ ಅವಳ ಆಸೆ ಅವಳೊಬ್ಬಳದಲ್ಲ, ಅದನ್ನು ತೀರಿಸಬೇಕು ಅಂತ ಬರುತ್ತದೆ. ಎಷ್ಟು ಚೆಂದದ ಕಲ್ಪನೆ ಅಲ್ವಾ. ಮಗುವಿನ ಪುಟ್ಟ ಹೃದಯ ನಿಜಕ್ಕೂ ಇನ್ನೂ ಬೇಗ, ಆರನೇ ವಾರದ ಹೊತ್ತಿಗೇ ಬಡಿಯತೊಡಗುತ್ತದೆ. ಆದರೆ ಬಯಕೆ ಕಾಣಿಸಿಕೊಳ್ಳುವ ಕಾಲವನ್ನು ಅವರು ಸರಿಯಾಗಿ ಗಮನಿಸಿದ್ದರು. ಬಹಳ ಮಂದಿಗೆ ಮೂರನೇ ತಿಂಗಳ ಕೊನೆಗೆ ಶುರುವಾಗಿ, ನಾಲ್ಕು-ಐದು-ಆರರಲ್ಲಿ ಜೋರಾಗಿ, ಆಮೇಲೆ ಇಳಿಯುತ್ತದೆ.

ಅದಕ್ಕೂ ಮುಂಚೆ ಬರುವುದು ವಾಂತಿ, ಓಕರಿಕೆ. ಇದಕ್ಕೆ ಕಾರಣ ಏನು ಅನ್ನುವುದರ ಮೇಲೆ ಇತ್ತೀಚೆಗೆ ಒಳ್ಳೆ ಬೆಳಕು ಬಿದ್ದಿದೆ. 2023ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಜಿಡಿಎಫ್15 ಅನ್ನುವ ಹಾರ್ಮೋನ್ ಕಡೆ ಬೊಟ್ಟು ಮಾಡಿತು. ಬೆಳೆಯುವ ಮಗುವಿನ ಕಡೆಯಿಂದ, ಮಾಸಿನಿಂದ, ಇದು ತಾಯಿಯ ರಕ್ತಕ್ಕೆ ಬರುತ್ತದೆ. ಬಸುರಿಗಿಂತ ಮುಂಚೆ ಯಾರ ಮೈಯಲ್ಲಿ ಇದು ಕಡಿಮೆ ಇತ್ತೋ ಅವರಿಗೆ ಒಮ್ಮೆಲೇ ಏರಿದಾಗ ಕಾಟ ಜಾಸ್ತಿ. ಖಾರ ಗೊತ್ತಿಲ್ಲದವರಿಗೆ ಬ್ಯಾಡಗಿ ಮೆಣಸಿನಕಾಯಿಯೂ ಗುಂಟೂರಿನಂತೆ ಅನ್ನಿಸುತ್ತದಲ್ಲ, ಹಾಗೆ.

ಬಯಕೆಗೆ ಮಾತ್ರ ಇಷ್ಟು ಸ್ಪಷ್ಟವಾದ ಒಂದೇ ಕಾರಣ ಇಲ್ಲ. ಹಾರ್ಮೋನ್ ಏರಿಳಿತದಿಂದ ಮೂಗು, ನಾಲಿಗೆ ಬದಲಾಗುತ್ತವೆ. ನಿನ್ನೆವರೆಗೆ ಹಿತವಾಗಿದ್ದ ಒಗ್ಗರಣೆ ಇವತ್ತು ಹೊಟ್ಟೆ ತೊಳಸುತ್ತದೆ. ಓಕರಿಕೆ ಬಂದ ಬಾಯಿಗೆ ಹುಳಿ, ಉಪ್ಪು, ಖಾರ ಹಿತ. ಹೊಟ್ಟೆ ಬೇಗ ಹಸಿಯುತ್ತದೆ. ಇದರ ಜೊತೆಗೆ, ಇದು ನನ್ನ ಅಭಿಪ್ರಾಯ ಅಂತ ಇಟ್ಟುಕೊಳ್ಳಿ, ನಮ್ಮ ಕಡೆ ಸೊಸೆಯೊಬ್ಬಳು "ನನಗಿದು ಬೇಕು" ಅಂತ ಬಾಯಿಬಿಟ್ಟು ಕೇಳಿ ಪಡೆಯಬಹುದಾದ ಕಾಲ ಜೀವನದಲ್ಲಿ ಇದೊಂದೇ. ಅದಕ್ಕೂ ಬಯಕೆ ಸ್ವಲ್ಪ ಜೋರಾಗುತ್ತದೆ.

ಊರಿನ ರುಚಿಯೂ ಇದರಲ್ಲಿದೆ. ಅಮೆರಿಕದ ಹೆಣ್ಣುಮಕ್ಕಳು ಚಾಕಲೇಟ್, ಐಸ್‌ಕ್ರೀಂ ಕೇಳುತ್ತಾರೆ. ರಾಯಚೂರಿನವಳು ಹುಣಸೆಕಾಯಿ ತೊಕ್ಕು, ಪುಂಡಿಪಲ್ಯ, ಮಿರ್ಚಿ ಕೇಳುತ್ತಾಳೆ. ಬಳ್ಳಾರಿಯವಳು ಉಗ್ಗಾನಿ-ಬಜ್ಜಿ. ದೇಹ ಪೋಷಕಾಂಶ ನೋಡಿ ಕೇಳುವುದಾಗಿದ್ದರೆ ಎಲ್ಲ ದೇಶದ ಬಸುರಿಯರೂ ಹೆಚ್ಚುಕಡಿಮೆ ಒಂದೇ ಕೇಳಬೇಕಿತ್ತು. ನಾಲಿಗೆ ತನಗೆ ಪರಿಚಯ ಇದ್ದದ್ದನ್ನೇ ಕೇಳುತ್ತದೆ, ಇಲ್ಲವೇ ತನಗೆ ಬೇಡ ಅಂದದ್ದನ್ನು. ಹಾಗೇ ಹುಳಿ ಕೇಳಿದರೆ ಗಂಡು, ಸಿಹಿ ಕೇಳಿದರೆ ಹೆಣ್ಣು ಅನ್ನುವುದೂ ಕಟ್ಟೆ ಮಾತು. ಅದು ನಿರ್ಧಾರವಾಗುವುದು ಬಸಿರು ನಿಲ್ಲುವ ಕ್ಷಣದಲ್ಲಿ, ತಂದೆಯ ವೀರ್ಯಾಣುವಿನಿಂದ. ಕಿವಿ ಸೋರುವುದಕ್ಕೂ ತಿನ್ನದ ಹೋಳಿಗೆಗೂ ಸಂಬಂಧ ಇಲ್ಲ.

ಮಣ್ಣು, ಬಳಪ, ಹಸಿ ಅಕ್ಕಿ, ಐಸ್

ಇಲ್ಲಿ ಮಾತ್ರ ಬಯಕೆಯನ್ನು ನಂಬಿ. ಅಂದರೆ ತಿನ್ನಿ ಅಂತಲ್ಲ, ಪರೀಕ್ಷೆ ಮಾಡಿಸಿ ಅಂತ.

ತಿನ್ನಬಾರದ್ದನ್ನು, ಅಥವಾ ಹಾಗೆ ಹಸಿಯಾಗಿ ತಿನ್ನದ್ದನ್ನು, ಬಿಡದೆ ತಿನ್ನುವ ಆಸೆಗೆ ವೈದ್ಯರು ಪೈಕಾ ಅನ್ನುತ್ತಾರೆ. ಸಿಕ್ಕಿದ್ದೆಲ್ಲ ಕೊಕ್ಕಿಗೆ ಹಾಕಿಕೊಳ್ಳುವ ಒಂದು ಹಕ್ಕಿಯ ಲ್ಯಾಟಿನ್ ಹೆಸರು ಅದು. ನಮ್ಮಲ್ಲಿ ಇದು ಎಲ್ಲ ಮನೆಯಲ್ಲೂ ಇದೆ, ಹೆಸರು ಮಾತ್ರ ಇಲ್ಲ. ಮಗನ ಪಾಟಿಚೀಲದಿಂದ ಬಳಪ ಕದ್ದು ತಿನ್ನುವವರು, ಗೋಡೆಯ ಸುಣ್ಣ ಕೆರೆದು ನೆಕ್ಕುವವರು, ಇದ್ದಿಲು, ಬೂದಿ, ಮೊದಲ ಮಳೆ ಬಿದ್ದಾಗ ಎರೆಮಣ್ಣಿನ ವಾಸನೆಗೆ ಹೊಲದ ಬದುವಿನಲ್ಲಿ ಕೂರುವವರು. ನನ್ನ ಹಾಗೆ ಹಸಿ ಅಕ್ಕಿ ಮುಕ್ಕುವವರಂತೂ ಲೆಕ್ಕವಿಲ್ಲ. ಮತ್ತೆ ಐಸ್. ಬೇಸಿಗೆಯಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ಐಸ್ ಕೇಳುವುದು ಬಯಕೆಯಲ್ಲ, ಬುದ್ಧಿವಂತಿಕೆ. ಆದರೆ ಡಿಸೆಂಬರ್ ಬೆಳಗಿನ ಜಾವ ಫ್ರಿಜ್ ಬಾಗಿಲು ತೆಗೆದು ಐಸ್ ಕಡಿಯುತ್ತಾ ಕೂತರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಇವೆಲ್ಲದರ ಹಿಂದೆ ಮತ್ತೆ ಮತ್ತೆ ಸಿಗುವುದು ಕಬ್ಬಿಣದ ಕೊರತೆ. ಕಬ್ಬಿಣ ಕಡಿಮೆಯಾದರೆ ಮಣ್ಣು ಯಾಕೆ ಬೇಕೆನಿಸುತ್ತದೆ ಅನ್ನುವುದಕ್ಕೆ ಒಪ್ಪುವಂಥ ಉತ್ತರ ಇನ್ನೂ ಸಿಕ್ಕಿಲ್ಲ. ವಿಚಿತ್ರ ಏನೆಂದರೆ ಅಕ್ಕಿಯಲ್ಲಾಗಲಿ ಐಸ್‌ನಲ್ಲಾಗಲಿ ಹೇಳಿಕೊಳ್ಳುವಷ್ಟು ಕಬ್ಬಿಣ ಇಲ್ಲ. ಮಣ್ಣಿನಲ್ಲಿ ಇದ್ದರೂ ಅದು ಮೈಗೆ ಹತ್ತುವುದಿಲ್ಲ, ಬದಲಿಗೆ ಕೆಲವು ಮಣ್ಣು ಊಟದ ಕಬ್ಬಿಣವನ್ನೂ ಕಟ್ಟಿಹಾಕುತ್ತವೆ. ಜೊತೆಗೆ ಜಂತುಹುಳದ ಮೊಟ್ಟೆ, ಕೆಲವೊಮ್ಮೆ ಸೀಸ. ಅಂದರೆ ದೇಹ ಕೂಗುವುದು ಸರಿ, ಕೂಗಿ ಕೇಳುವ ವಸ್ತು ತಪ್ಪು. ಕಬ್ಬಿಣದ ಮಾತ್ರೆ ಸರಿಯಾಗಿ ಶುರುಮಾಡಿದರೆ ಬಹಳ ಮಂದಿಗೆ ಹಿಮೋಗ್ಲೋಬಿನ್ ಪೂರ್ತಿ ಏರುವ ಮುಂಚೆಯೇ, ಕೆಲವು ವಾರಗಳಲ್ಲಿ, ಈ ಆಸೆ ಇಳಿಯುತ್ತದೆ. ನನಗೆ ನಾಲ್ಕನೇ ವಾರಕ್ಕೆ ಆ ಕೋಣೆ ನೆನಪಾಗುವುದೇ ನಿಂತಿತ್ತು. ಆಮ್ಲೆಟ್ ವಾಸನೆ ಮಾತ್ರ ಹೆರಿಗೆಯಾಗುವವರೆಗೂ ಕಾಡಿತು.

ಇದನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ಡಾಕ್ಟರ್ ತಾವಾಗಿ ಕೇಳುವುದೂ ಕಡಿಮೆ. ಆಶಾ ಅಕ್ಕ ಮನೆಗೆ ಬಂದಾಗ ನೀವೇ ಹೇಳಿಬಿಡಿ, ಅವರು ಇಂಥದ್ದು ನೂರು ಕೇಳಿರುತ್ತಾರೆ.

ಕಬ್ಬಿಣದ ಲೆಕ್ಕ

ಬಸುರಿಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಮಗು, ಮಾಸು ಎಲ್ಲ ಸೇರಿ ಒಂಬತ್ತು ತಿಂಗಳಿಗೆ ಹೆಚ್ಚುಕಡಿಮೆ 1000 ಮಿಲಿಗ್ರಾಂ ಕಬ್ಬಿಣ ಬೇಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ. ತಟ್ಟೆಯಲ್ಲಿ ಇಷ್ಟಿದ್ದರೆ ಸಾಕು ಅಂತಲ್ಲ, ಅದರಲ್ಲಿ ಮೈಗೆ ಸೇರುವುದು ಎಷ್ಟು ಅನ್ನುವುದೇ ಪ್ರಶ್ನೆ. ಮಾಂಸದ ಕಬ್ಬಿಣ ಸುಲಭವಾಗಿ ಸೇರುತ್ತದೆ. ಕಾಳು, ಸೊಪ್ಪು, ಸಜ್ಜೆಯ ಕಬ್ಬಿಣ ಹಠಮಾರಿ, ಹತ್ತರಲ್ಲಿ ಒಂದು ಪಾಲು ಸೇರಿದರೆ ಹೆಚ್ಚು.

ಹಾಗಂತ ಇದು ಸಸ್ಯಾಹಾರಿಗಳ ರೋಗ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಅವರಲ್ಲಿ ಮಾಂಸ ತಿನ್ನುವ ಮನೆಯವರೂ ಎಷ್ಟೋ ಮಂದಿ. ವಾರಕ್ಕೊಮ್ಮೆ ನಾಲ್ಕು ಚೂರು ತಿಂದು, ಅದೂ ಗಂಡಸರು ಉಂಡಾದ ಮೇಲೆ ಉಳಿದದ್ದನ್ನು, ಯಾರ ಕಬ್ಬಿಣವೂ ಏರುವುದಿಲ್ಲ.

ಹಠಮಾರಿ ಕಬ್ಬಿಣವನ್ನು ಒಲಿಸುವುದು ಹೇಗೆ? ಇಲ್ಲಿ ಹುಳಿ ಬಯಕೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಊಟದ ಜೊತೆಗೇ ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಹುಳಿ ಇರುವುದೆಲ್ಲ ವಿಟಮಿನ್ ಸಿ ಅಲ್ಲ. ಹುಣಸೆ ಹಣ್ಣು ಹುಳಿಯೋ ಹುಳಿ, ಅದರಲ್ಲಿ ವಿಟಮಿನ್ ಸಿ ಬಹಳ ಕಡಿಮೆ. ಸಿಹಿಯಾಗಿರುವ ಪೇರಲ ಹಣ್ಣಿನಲ್ಲಿ ಅದರ ಹತ್ತಾರು ಪಟ್ಟು. ಬೆಟ್ಟದ ನೆಲ್ಲಿಕಾಯಿ, ನಿಂಬೆ, ಮಾವಿನಕಾಯಿ, ಬಾರಿಹಣ್ಣು ಕೂಡ ಒಳ್ಳೆಯವು. ಹುಣಸೆ ಕೆಟ್ಟದ್ದಲ್ಲ, ಬಾಯಿ ರುಚಿಗೆ ತಿನ್ನಿ. ಆದರೆ ಹೆಸರುಕಾಳು ಪಲ್ಯದ ಮೇಲೆ ಅರ್ಧ ನಿಂಬೆ ಹಿಂಡಿಕೊಂಡರೆ ಬಯಕೆಯೂ ತೀರಿತು, ಕೆಲಸವೂ ಆಯಿತು.

ಕಬ್ಬಿಣಕ್ಕೆ ಅಡ್ಡಬರುವುದು ಚಹಾ. ನಮ್ಮ ಕಡೆ ರೊಟ್ಟಿ ಮುಗಿಸಿ ಕೈ ಒರೆಸುವುದರೊಳಗೆ ಚಹಾ ಬರಬೇಕು. ಈ ಒಂದು ಅಭ್ಯಾಸ ಬಿಡಿ, ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಾದರೂ ಇರಲಿ. ಕಾಫಿಗೂ ಇದೇ ಮಾತು. ಕಾಳು, ಜೋಳ, ಸಜ್ಜೆಯಲ್ಲಿರುವ ಫೈಟೇಟ್ ಕೂಡ ಕಬ್ಬಿಣವನ್ನು ಹಿಡಿದಿಡುತ್ತದೆ, ನೆನೆಸುವುದು, ಮೊಳಕೆ ಬರಿಸುವುದು, ಅಂಬಲಿಯ ಹಾಗೆ ಹುಳಿ ಬರಿಸುವುದು ಅದನ್ನು ಇಳಿಸುತ್ತವೆ. ಮಡಿಕೆಕಾಳು ಮೊಳಕೆ ಕಟ್ಟುವುದನ್ನು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಿಲ್ಲ. ಒಂದೇ ಎಚ್ಚರ: ಬಸುರಿಯಲ್ಲಿ ಮೊಳಕೆಕಾಳನ್ನು ಹಸಿಯಾಗಿ ತಿನ್ನಬೇಡಿ, ಆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಕಾಳಿನ ಜೊತೆ ಬ್ಯಾಕ್ಟೀರಿಯಾ ಕೂಡ ಮೊಳೆಯುತ್ತವೆ. ಒಂದು ಕುದಿ ಬರಿಸಿ. ಪುಂಡಿಪಲ್ಯದಂಥ ಹುಳಿ ಅಡುಗೆಯನ್ನು ಹಳೆ ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ನಾನ್‌ಸ್ಟಿಕ್ ಬಂದ ಮೇಲೆ ಅಟ್ಟ ಸೇರಿದ ಬಾಣಲೆಯನ್ನು ಕೆಳಗಿಳಿಸಲು ಇದು ಒಳ್ಳೆ ನೆಪ.

ಇಷ್ಟೆಲ್ಲ ಮಾಡಿದರೂ ಮಾತ್ರೆ ಬೇಕೇ ಬೇಕು. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದಮೇಲೆ ಮತ್ತೆ 180 ದಿನ. ರಕ್ತಹೀನತೆ ಇದ್ದರೆ ಡಾಕ್ಟರ್ ಹೆಚ್ಚಿಸುತ್ತಾರೆ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಹೊಟ್ಟೆ ಕಟ್ಟುತ್ತದೆ, ಬಾಯಿ ಒಗರಾಗುತ್ತದೆ, ಅದಕ್ಕೇ ಎಷ್ಟೋ ಮನೆಗಳಲ್ಲಿ ಈ ಮಾತ್ರೆ ಹಾಸಿಗೆ ಕೆಳಗೆ ಸಿಗುತ್ತವೆ. ರಾತ್ರಿ ಮಲಗುವ ಮುಂಚೆ ನಿಂಬೆ ನೀರಿನ ಜೊತೆ ತೆಗೆದುಕೊಂಡರೆ ಸ್ವಲ್ಪ ಸಲೀಸು. ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆ ಜೊತೆ ಮಾತ್ರ ಬೇಡ, ಒಂದು ಇನ್ನೊಂದನ್ನು ತಡೆಯುತ್ತದೆ.

ಬಿ12 ಯಾವತ್ತೂ ಬಯಕೆಯಾಗಿ ಬರುವುದಿಲ್ಲ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಬ್ಬಿಣ ಕಡಿಮೆಯಾದರೆ ಕನಿಷ್ಠ ಒಂದು ಹುಚ್ಚು ಆಸೆಯನ್ನಾದರೂ ಕಳಿಸುತ್ತದೆ. ವಿಟಮಿನ್ ಬಿ12 ಕಡಿಮೆಯಾದರೆ ಯಾವ ಬಯಕೆಯೂ ಬರುವುದಿಲ್ಲ. ಸುಮ್ಮನೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು. ಬಸುರಿಯಲ್ಲಿ ಇದೆಲ್ಲ ಇದ್ದದ್ದೇ ಅಂತ ಬಿಟ್ಟುಬಿಡುತ್ತಾರೆ.

ಬಿ12 ಅನ್ನು ಮಾಡುವುದು ಬ್ಯಾಕ್ಟೀರಿಯಾಗಳು. ಗಿಡದಲ್ಲಿ ಇಲ್ಲ. ಸೊಪ್ಪು, ಕಾಳು, ಶೇಂಗಾ ಯಾವುದರಲ್ಲೂ ಇಲ್ಲ. ಸ್ಪಿರುಲಿನಾದಲ್ಲಿದೆ ಅಂತ ಮಾರುತ್ತಾರಲ್ಲ, ಅದರಲ್ಲಿರುವುದು ಹೆಚ್ಚಿನ ಪಾಲು ನಮ್ಮ ಮೈಗೆ ಕೆಲಸ ಮಾಡದ ನಕಲಿ ರೂಪ. ಸಸ್ಯಾಹಾರಿಗಳಿಗೆ ಆಸರೆ ಹಾಲು, ಮೊಸರು. ಬಸುರಿಗೆ ದಿನಕ್ಕೆ ಎರಡೂವರೆ ಮೈಕ್ರೋಗ್ರಾಂ ಆಸುಪಾಸು ಬೇಕು. ಅರ್ಧ ಲೀಟರಿನಷ್ಟು ಹಾಲು-ಮೊಸರು ದಿನಾ ಹೊಟ್ಟೆಗೆ ಹೋದರೆ ಅದರ ಹತ್ತಿರ ಬರಬಹುದು. ಆದರೆ ನಮ್ಮ ಮನೆಗಳ ಲೆಕ್ಕ ನೋಡಿ: ಚಹಾಕ್ಕೆ ಎರಡು ಚಮಚ ಹಾಲು, ಊಟದ ಕೊನೆಗೆ ನೀರು ಮಜ್ಜಿಗೆ. ಹೆಸರಿಗೆ ಹಾಲು ಕುಡಿಯುವವರು, ಲೆಕ್ಕಕ್ಕೆ ವೀಗನ್! ಪುಣೆಯಲ್ಲಿ ಬಸುರಿಯರನ್ನು, ಆಮೇಲೆ ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಬಿ12 ಕಡಿಮೆ ಇತ್ತು.

ಇನ್ನೊಂದು ತಿಳಿದಿರಲಿ. ಆ ಕೆಂಪು ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಮಾತ್ರ, ಬಿ12 ಇಲ್ಲ. ಫೋಲಿಕ್ ಆಮ್ಲ ಬಹಳ ಒಳ್ಳೆಯದು, ಮಗುವಿನ ಬೆನ್ನುಹುರಿಗೆ ಬಸಿರಿಗೆ ಮುಂಚಿನಿಂದಲೇ ಬೇಕು. ಆದರೆ ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಅದು ಮರೆಮಾಡಬಲ್ಲದು. ರಕ್ತದ ರಿಪೋರ್ಟ್ ಸುಧಾರಿಸಿದಂತೆ ಕಾಣುತ್ತದೆ, ನರಗಳಿಗೆ ಆಗುವ ಪೆಟ್ಟು ಒಳಗೊಳಗೇ ನಡೆದಿರುತ್ತದೆ. ಹಾಗಾಗಿ ಸಸ್ಯಾಹಾರಿಯಾಗಿದ್ದರೆ ಬಿ12 ಪರೀಕ್ಷೆ ಮಾಡಿಸೋಣವಾ ಅಂತ ಕೇಳಿ. ವೀಗನ್ ಆಗಿದ್ದರೆ ಪರೀಕ್ಷೆಗೂ ಕಾಯದೆ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಮಾತ್ರೆ ಶುರುಮಾಡಿ. ಇದರಲ್ಲಿ ಚೌಕಾಸಿ ಇಲ್ಲ. "ನಾನು ಎರಡು ವರ್ಷದಿಂದ ವೀಗನ್, ಏನೂ ಆಗಿಲ್ಲ" ಅನ್ನುವವರಿದ್ದಾರೆ. ಲಿವರ್‌ನಲ್ಲಿ ಕೆಲವು ವರ್ಷಕ್ಕೆ ಆಗುವಷ್ಟು ಬಿ12 ಕೂಡಿಟ್ಟಿರುತ್ತದೆ, ಅದು ಖಾಲಿಯಾಗುವವರೆಗೆ ಏನೂ ಗೊತ್ತಾಗುವುದಿಲ್ಲ. ತಾಯಿಯಲ್ಲಿ ಇಲ್ಲದ್ದು ಎದೆಹಾಲಿನಲ್ಲೂ ಇರುವುದಿಲ್ಲ. ನಗುತ್ತಿದ್ದ ಕೂಸು ಕೆಲವು ತಿಂಗಳಲ್ಲಿ ಮಂಕಾಗಿ, ಕಲಿತದ್ದನ್ನು ಮರೆತು, ಕೈಕಾಲು ನಡುಗತೊಡಗುವ ಒಂದು ಕಾಯಿಲೆ ಬರೀ ಎದೆಹಾಲು ಕುಡಿಯುವ ಇಂಥ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದ ಮಕ್ಕಳ ವೈದ್ಯರಿಗೆ ಇದು ಹೊಸದಲ್ಲ.

ಸರಿ, ಆಮ್ಲೆಟ್ ಕಥೆ ಏನು?

ಸಸ್ಯಾಹಾರಿ ಬಸುರಿಗೆ ಮೊಟ್ಟೆ, ಮೀನು, ಮಟನ್ ಆಸೆಯಾದರೆ ಎರಡು ಥರದ ಮಾತು ಕೇಳುತ್ತವೆ. ಒಂದು ಕಡೆ "ನೋಡಿದೆಯಾ, ದೇಹ ಪ್ರೋಟೀನ್ ಕೇಳ್ತಿದೆ, ಸಸ್ಯಾಹಾರ ಸಾಲಲ್ಲ ಅನ್ನೋದಕ್ಕೆ ಇದೇ ಸಾಕ್ಷಿ." ಇನ್ನೊಂದು ಕಡೆ "ಛೀ, ಹೊಟ್ಟೆಯಲ್ಲಿರೋದು ಎಂಥ ಕೂಸೋ." ಎರಡೂ ತಪ್ಪು. ಪ್ರೋಟೀನ್ ಕಡಿಮೆಯಿದ್ದರೆ ಮಾಂಸವೇ ಬೇಕೆನಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಾಂಸಾಹಾರಿ ಬಸುರಿಗೆ ಅದೇ ಮಾಂಸದ ವಾಸನೆಗೆ ವಾಂತಿ ಬರುತ್ತದಲ್ಲ, ಅದಕ್ಕೇನು ಹೇಳುವುದು?

ಆ ವಾಸನೆಯಲ್ಲಿ ನಾಲಿಗೆಗೆ ಬೇಕಾದ್ದು ಏನು ಅಂತ ಬಿಡಿಸಿ ನೋಡಿ. ಹುರಿದ ಎಣ್ಣೆ, ಉಪ್ಪು, ಖಾರ, ಮತ್ತೆ ಆ ಗಟ್ಟಿ ರುಚಿ. ಹೆಚ್ಚಿನ ಸಲ ಅದನ್ನು ಬೇರೆ ದಾರಿಯಲ್ಲಿ ಕೊಡಬಹುದು. ಕಡಲೆಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಕಾವಲಿ ಮೇಲೆ ಹುಯ್ದು ಚಿಟಿಕೆ ಕಪ್ಪುಪ್ಪು ಉದುರಿಸಿದರೆ ಮೊಟ್ಟೆ ವಾಸನೆಗೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತದೆ, ಕಪ್ಪುಪ್ಪಿನ ಗಂಧಕದ ಕೃಪೆ. ಮಟನ್ ಸಾರಿನ ಆಸೆಯವರಿಗೆ ಸೋಯಾ ಉಂಡೆ, ಬಳ್ಳಾರಿ ಅಂಗಡಿಗಳಲ್ಲಿ ಮೀಲ್ ಮೇಕರ್ ಅಂದರೆ ಸಿಗುತ್ತದೆ, ಅದನ್ನು ಬಿಸಿನೀರಿಗೆ ಹಾಕಿ ಹಿಂಡಿ, ಒಣಕೊಬ್ಬರಿ ಗಸಗಸೆ ಮಸಾಲೆಯಲ್ಲಿ ಕುದಿಸಿ. ಗುರೆಳ್ಳು ತುಂಬಿದ ಬದನೆಕಾಯಿ ಎಣಗಾಯಿಯೂ ಆ ಗಟ್ಟಿ ರುಚಿ ಕೊಡುತ್ತದೆ. ಅಣಬೆಯಾದರೆ ಅಂಗಡಿಯದ್ದೇ ಇರಲಿ, ಹೊಲದಲ್ಲಿ ಎದ್ದದ್ದು ಬೇಡ.

ಇಷ್ಟಾದರೂ ಅವಳಿಗೆ ಮೊಟ್ಟೆಯೇ ಬೇಕೆಂದರೆ? ತಿನ್ನುವುದು ಬಿಡುವುದು ಅವಳ ಇಷ್ಟ. ಚೆನ್ನಾಗಿ ಬೆಂದಿರಲಿ, ಅಷ್ಟೇ ಆರೋಗ್ಯದ ಮಾತು. ಬೇಡವೆಂದು ಗಟ್ಟಿಯಾಗಿ ನಿಂತರೂ ಮಗುವಿಗೆ ಅನ್ಯಾಯವಾಗುವುದಿಲ್ಲ. ಮೊಟ್ಟೆಯಲ್ಲಿರುವುದನ್ನು ಬೇರೆಡೆ ಹುಡುಕಬೇಕಾಗುತ್ತದೆ, ಆ ಕಷ್ಟ ಒಪ್ಪಿಕೊಂಡರೆ ಸಾಕು. ಅಂಗನವಾಡಿಯಲ್ಲಿ 2017ರ ಅಕ್ಟೋಬರ್ 2ರಿಂದ ನಡೆಯುತ್ತಿರುವ ಮಾತೃಪೂರ್ಣ ಊಟದಲ್ಲಿ ಹಾಲು, ಚಿಕ್ಕಿ ಜೊತೆ ಮೊಟ್ಟೆಯೂ ಇದೆ. ಮೊಟ್ಟೆ ಬೇಡದವರು ಬದಲಿಗೆ ಏನು ಕೊಡುತ್ತೀರಿ ಅಂತ ಕೇಳಿ ಪಡೆಯಿರಿ, ಸುಮ್ಮನೆ ಬಿಟ್ಟು ಬರಬೇಡಿ.

ಪ್ರೋಟೀನ್ ಲೆಕ್ಕವೂ ಅಷ್ಟೇನು ಭಯಂಕರ ಅಲ್ಲ. ನಾಲ್ಕರಿಂದ ಆರನೇ ತಿಂಗಳಲ್ಲಿ ದಿನಕ್ಕೆ ಸುಮಾರು 9.5 ಗ್ರಾಂ, ಕೊನೆ ಮೂರು ತಿಂಗಳಲ್ಲಿ 22 ಗ್ರಾಂ ಜಾಸ್ತಿ ಬೇಕು. 100 ಗ್ರಾಂ ಶೇಂಗಾದಲ್ಲೇ 25 ಗ್ರಾಂ ಹತ್ತಿರ ಇರುತ್ತದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿ ಜೊತೆ ಕಾಳುಪಲ್ಯ ಅನ್ನುವ ಜೋಡಿ ಸುಮ್ನೆ ಆದದ್ದಲ್ಲ.

ಉಳಿದ ಬಯಕೆಗಳು, ಬೇಗಬೇಗ

ಮಿರ್ಚಿ, ಒಗ್ಗರಣೆ: ಖಾರದಿಂದ ಮಗುವಿಗೆ ಏನೂ ಆಗುವುದಿಲ್ಲ, ನಿಮ್ಮ ಎದೆ ಉರಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಪಿ ಸರಿಯಿದ್ದರೆ ಸ್ವಲ್ಪ ಪರವಾಗಿಲ್ಲ. ತಲೆನೋವು, ಮುಖ-ಕೈ ಊತ, ಕಣ್ಣು ಮಂಜು ಇದ್ದರೆ ಬಿಪಿ ನೋಡಿಸಿ, ತಡಮಾಡಬೇಡಿ. ಸಿಹಿ ಆಸೆಯವರು ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುತ್ತಾರೆ, 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿ ಮಧುಮೇಹ. ಪಪ್ಪಾಯಿ ಕಾಯಿ ಬೇಡ, ಅದರ ಹಾಲು ಒಳ್ಳೆಯದಲ್ಲ. ಪೂರ್ತಿ ಹಣ್ಣಾದದ್ದು ಎರಡು ಹೋಳಿಗೆ ಹೆದರಬೇಕಿಲ್ಲ. ಎಲೆ-ಅಡಿಕೆ ಆಸೆಯಿದ್ದರೆ ಅಡಿಕೆ ಬಿಡಿ.

ಪಾನಿಪುರಿ ವಿಷಯದಲ್ಲಿ ಮಾತ್ರ ನಾನು ಅತ್ತೆ ಪಕ್ಷ. ಪುರಿ ಅಲ್ಲ ತೊಂದರೆ, ಪಾನಿ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಅನ್ನುವ ಕಾಮಣಿ ಬೇರೆಯವರಿಗೆ ಬಂದರೆ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಕೊನೆ ಮೂರು ತಿಂಗಳ ಬಸುರಿಗೆ ಬಂದರೆ ಐವರಲ್ಲಿ ಒಬ್ಬರ ಜೀವ ತೆಗೆಯುವಷ್ಟು ಕೆಟ್ಟದ್ದು. ಆಸೆಯಾದರೆ ಕುದಿಸಿ ಆರಿಸಿದ ನೀರಲ್ಲಿ ಹುಣಸೆ, ಪುದೀನ ಹಾಕಿ ಮನೆಯಲ್ಲೇ ಮಾಡಿ.

ಯಾವ ಪರೀಕ್ಷೆಗೂ ದುಡ್ಡಿಲ್ಲ ಅನ್ನುವವರಿಗೆ: ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ, ನೆನಪಿಟ್ಟು ಬಯಕೆಯನ್ನೂ ಹೇಳಿ.

ತಂಗಿಯ ಬುತ್ತಿ

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಮ್ಮನ ಮಗಳು ಮೂರು ವರ್ಷದಿಂದ ವೀಗನ್. ಈಗ ಏಳು ತಿಂಗಳು, ಮುಂದಿನ ವಾರ ಕುಬುಸ, ಅಂದರೆ ಸೀಮಂತ. ತವರಿನಿಂದ ಬಯಕೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಹಸಿರು ಸೀರೆ, ಹಸಿರು ಬಳೆ ಬಂದಾಯಿತು, ಗಲಾಟೆಯೆಲ್ಲ ಬುತ್ತಿಯದ್ದೇ. "ಮೊಸರು ಬ್ಯಾಡ, ತುಪ್ಪ ಬ್ಯಾಡ ಅಂದ್ರ ಬುತ್ತಿ ಹೆಂಗಾಗ್ತದ? ಬಸುರಿ ಹೆಂಗಸಿಗೆ ಒಣಾ ರೊಟ್ಟಿ ಒಯ್ಯೂದೇನ?" ಅಂತ ಚಿಕ್ಕಮ್ಮನ ಕಣ್ಣಲ್ಲಿ ನೀರು.

ಕೂತು ಪಟ್ಟಿ ಮಾಡಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ: ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣ, ಹಾಲು ಬಿಟ್ಟವಳಿಗೆ ಎಳ್ಳಿನ ಕ್ಯಾಲ್ಸಿಯಂ. ಮಡಿಕೆಕಾಳು ಪಲ್ಯ, ಜೊತೆಗೆ ನಾಲ್ಕು ನಿಂಬೆಹಣ್ಣು. ಪುಂಡಿಪಲ್ಯ, ಅದು ಅವಳ ನಿಜವಾದ ಬಯಕೆ, ಬೆಂಗಳೂರಲ್ಲಿ ಇಂಥ ಹುಳಿ ಸಿಗುವುದಿಲ್ಲವಂತೆ. ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಅಗಸಿಯ ಒಮೇಗಾ-3 ಮೀನಿನದ್ದರಷ್ಟು ನೇರವಾಗಿ ಮಗುವಿನ ಮಿದುಳಿಗೆ ಹೋಗುವುದಿಲ್ಲ, ಮೈಯಲ್ಲಿ ಸ್ವಲ್ಪವೇ ಮಿದುಳಿಗೆ ಬೇಕಾದ ಡಿಎಚ್ಎ ಅನ್ನುವ ರೂಪಕ್ಕೆ ಬದಲಾಗುತ್ತದೆ, ಅದಕ್ಕೆ ಅವಳ ಡಾಕ್ಟರ್ ಪಾಚಿಯಿಂದ ಮಾಡಿದ ಡಿಎಚ್ಎ ಕ್ಯಾಪ್ಸೂಲ್ ಬರೆದಿದ್ದಾರೆ. ಮೊಸರನ್ನದ ಬದಲು ಚಿತ್ರಾನ್ನ. ಶೇಂಗಾ ಹೋಳಿಗೆ, ತುಪ್ಪದ ಬದಲು ಗಾಣದ ಶೇಂಗಾ ಎಣ್ಣೆ ಹಚ್ಚಿ ಬೇಯಿಸಿದ್ದು. ಮೊದಲ ಹೋಳಿಗೆ ಚಿಕ್ಕಮ್ಮನೇ ತಿಂದು ನೋಡಿದರು. ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ ಎರಡನೆಯದನ್ನು ತೆಗೆದುಕೊಂಡರು.

ಬಿ12 ಬುತ್ತಿಯಲ್ಲಿ ಕಟ್ಟಲಾಗದ್ದು ಅಂತ ಹೇಳಿದೆ. ಮಾತ್ರೆಯ ಹೆಸರು ಬರೆಸಿಕೊಂಡು ಮೆಡಿಕಲ್ ಶಾಪಿಗೆ ಹೋಗಿ ಮೂರು ತಿಂಗಳಿಗಾಗುವಷ್ಟು ತಂದು, ಕರ್ಚಿಕಾಯಿ ಡಬ್ಬಿಯ ಪಕ್ಕದಲ್ಲೇ ಇಟ್ಟು ಗಂಟು ಹಾಕಿದರು. "ಇದೂ ಬುತ್ತೀನ ಅಲ್ಲೇನು?"